ಮಂಡಿಯ ಹಿಂದೊಂದು ಕಾಳು

ಭದ್ರಾವತಿ ನ್ಯೂ ಟೌನಿನ ಷಡಕ್ಷರಪ್ಪನವರು ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವರು. ಯಂತ್ರ ಸದ್ದು ಮಾಡಿದರೆ ಏನೋ ಜಾಗ ಬಿಟ್ಟು ಸರಿದಿದೆ ಎಂಬುದು ಅವರ ಸಿದ್ಧಾಂತ. ಮನುಷ್ಯರಿಗೂ ಅದರಲ್ಲಿ ರಿಯಾಯಿತಿ ಇರಲಿಲ್ಲ. ಓಡುವಾಗ ಎಡಮಂಡಿಯ ಹಿಂದೆ ಚುಚ್ಚುತ್ತದೆ ಎಂದು ಮಗಳು ಶಾಂಭವಿ ಹೇಳಿದಾಗ ಅವರು ಬೆರಳಿಟ್ಟು ನೋಡಿದರು. ಕಾಳಿನಂಥದ್ದೊಂದು ಗಟ್ಟಿಯಾಗಿ ಸಿಕ್ಕಿತು. ಸರಿದದ್ದು ಸಿಕ್ಕಿತಲ್ಲ ಎಂದು ಖುಷಿಯೇ ಆಯಿತು. ಅಂದಿನಿಂದ ದಿನಾ ಬೆಳಿಗ್ಗೆ ಹರಳೆಣ್ಣೆ ಬಿಸಿ ಮಾಡಿ, ಹೆಬ್ಬೆರಳಿಂದ ಅದನ್ನು ಒಳಕ್ಕೆ ಒತ್ತಿ ಕೂರಿಸುವ ಕೆಲಸ. ಮಗಳು ದಿಂಬು ಕಚ್ಚಿಕೊಂಡು ಸಹಿಸಿದಳು. ಪೊಲೀಸ್ ಕೆಲಸದ ಲಿಖಿತ ಪರೀಕ್ಷೆ ಪಾಸಾಗಿತ್ತು; ಎರಡು ನಿಮಿಷದೊಳಗೆ ನಾನೂರು ಮೀಟರ್ ಓಡುವುದಷ್ಟೇ ಬಾಕಿ. ವಯಸ್ಸಿನ ಮಿತಿ ಹತ್ತಿರ ಬಂದಿದ್ದರಿಂದ ಇದೇ ಕೊನೆಯ ಸಲ.

ನಲವತ್ತು ದಿನದಲ್ಲಿ ಅವಳಿಗೆ ಮೆಟ್ಟಿಲಿಳಿಯುವುದೂ ಕಷ್ಟವಾಯಿತು. ಓಟಕ್ಕೆ ನಾಲ್ಕು ದಿನವಿದ್ದಾಗ ಶಿವಮೊಗ್ಗದ ಮೂಳೆ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಮಂಡಿಯ ಪಕ್ಕದಿಂದ ಎಕ್ಸ್‌-ರೇ ತೆಗೆಸಿ ತೋರಿಸಿದರು. ಅದು ಸರಿದದ್ದಲ್ಲ, ಮುರಿದದ್ದೂ ಅಲ್ಲ. ಕೆಲವರಿಗೆ ಅಲ್ಲೊಂದು ಹೆಚ್ಚುವರಿ ಮೂಳೆ ಇರುತ್ತದೆ, ತನ್ನ ಪಾಡಿಗೆ ತಾನಿರುತ್ತದೆ, ಹೀಗೆ ಕಾಡುವುದು ಅಪರೂಪ. ಆದರೆ ಸುತ್ತ ಇಷ್ಟು ಊದಿದ್ದೇಕೆ?

“ಯಾರಮ್ಮ ಇದನ್ನ ತಿಕ್ಕಿದ್ದು?”

ಷಡಕ್ಷರಪ್ಪನವರು ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

“ನಾನೇ ಸರ್,” ಅಂದಳು ಶಾಂಭವಿ.

ಆಮೇಲೆ ಅಪ್ಪನಿಗೆ ಮಾತು ಬಂತು. ಅವರೆಕಾಳಿನಷ್ಟಿದೆ, ಇವತ್ತೇ ತೆಗೆದುಬಿಡಿ ಎಂದರು. ಆಗದಿದ್ದರೆ ಇಂಜೆಕ್ಷನ್ ಕೊಡಿ, ಎರಡು ನಿಮಿಷ ಜೋಮು ಹಿಡಿದಿದ್ದರೆ ಸಾಕು ಎಂದು ಕೈಮುಗಿದರು. ಡಾಕ್ಟರು ಒಪ್ಪಲಿಲ್ಲ. ಆರು ವಾರ ಓಡುವ ಮಾತೇ ಬೇಡ ಎಂದರು.

ಅವಳು ಓಡಿದಳು. ಷಡಕ್ಷರಪ್ಪನವರು ಮೈದಾನದ ಬೇಲಿಯ ತಂತಿ ಹಿಡಿದು ನಿಂತಿದ್ದರು. ಮುನ್ನೂರು ಮೀಟರಿನ ತನಕ ಗುಂಪಿನಲ್ಲೇ ಇದ್ದಳು; ಕೊನೆಯ ತಿರುವಿನಲ್ಲಿ ಎಡಗಾಲು ಊರಲಾಗದೆ ಕುಂಟತೊಡಗಿದಳು. ಎರಡು ನಿಮಿಷ ಒಂಬತ್ತು ಸೆಕೆಂಡು.

ಅವರು ಗೇಟಿನ ಪೇದೆಯನ್ನು ಹಿಡಿದುಕೊಂಡರು. ಕಾಲು ಕೆಡಿಸಿದವನು ನಾನು, ಬೇಕಿದ್ದರೆ ಬರೆದುಕೊಡುತ್ತೇನೆ, ಇನ್ನೊಂದು ದಿನ ಕೊಡಿಸಿ ಎಂದರು. ಬೆಳಿಗ್ಗೆಯಿಂದ ಇಂಥ ಏಳೆಂಟು ಅಪ್ಪಂದಿರನ್ನು ಕಂಡಿದ್ದ ಪೇದೆ ತಾಳ್ಮೆಯಿಂದಲೇ ಕೇಳಿಸಿಕೊಂಡ.

“ತಪ್ಪು ನಿಮ್ದೇ ಇರಬೋದು ಯಜಮಾನ್ರೇ. ಓಡಿದ್ದು ಅವ್ರಲ್ವಾ?”

ಶಾಂಭವಿ ಹಿಂದೆ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ಅದನ್ನ ನಂಗೆ ಹೇಳಿ ಅಪ್ಪಾಜಿ.”

ಪೇದೆಗೆ ಅಷ್ಟೆಲ್ಲ ಹೇಳಿದ್ದ ಷಡಕ್ಷರಪ್ಪನವರು ಆಟೋ ಕರೆಯುತ್ತೇನೆಂದು ರಸ್ತೆಗಿಳಿದರು.