ಸತ್ತವನ ಒಪ್ಪಿಗೆ

ಭಾನುವಾರ ಮಧ್ಯಾಹ್ನ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಅಂಗಡಿಯ ಯಜಮಾನನೇ ದೇವಿಯಾಗುತ್ತಿದ್ದ. ವಾರವೆಲ್ಲ ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸುವ ಮನುಷ್ಯ, ಅಂದು ಲೆನ್ಸ್ ಉಜ್ಜುವ ಯಂತ್ರಕ್ಕೆ ಬಟ್ಟೆ ಹೊದಿಸಿ, ಮೇಜಿನ ಮೇಲೆ ನಕ್ಷೆ ಹರಡಿ, ರಾಕ್ಷಸರು, ರಾಜರು, ದೇವರುಗಳು ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದ. ಉಳಿದವರಿಗೆ ಒಂದೊಂದು ಪಾತ್ರ, ಒಂದೊಂದು ಬೊಂಬೆ. ದಾಳ ಉರುಳಿಸಿ, ಬಾಯಲ್ಲೇ ಕಥೆ ಕಟ್ಟುತ್ತಾ ಆಡುವ ಆಟ ಅದು. ತಲೆ ನರೆತವರಿಗೆ ಇದೆಂಥ ಹುಡುಗಾಟ ಎಂದು ಬೀದಿಯವರು ನಗುತ್ತಿದ್ದರು. ನಗಲಿ ಬಿಡಿ, ಭಾನುವಾರ ಅವರು ಕಡಿದು ಗುಡ್ಡೆ ಹಾಕುವುದೇನೆಂದು ನಮಗೆ ಗೊತ್ತಿಲ್ಲವೇ?

ಬಸ್ ಕಂಡಕ್ಟರ್ ಗೆಳೆಯ ಮಂತ್ರವಾದಿ. ಅವನ ಮಂತ್ರ ಓದಿ ಕಲಿತದ್ದು. ಒಮ್ಮೆ ಪ್ರಯೋಗಿಸಿದರೆ ಖಾಲಿ, ಮಲಗಿ ಎದ್ದು ಮತ್ತೆ ಓದಿದರಷ್ಟೇ ಬರುವುದು. ಯಜಮಾನನ ತಂಗಿ ಪೂಜಾರಿಣಿ. ಅವಳದು ಬೇಡಿ ಪಡೆದ ಶಕ್ತಿ. ದೇವಿ ಕೊಟ್ಟರೆ ಉಂಟು, ಮುನಿದರೆ ಇಲ್ಲ. ಅಂಗಡಿಯಲ್ಲಿ ಲೆನ್ಸ್ ಉಜ್ಜುತ್ತಿದ್ದ ತಮ್ಮ ಇಲ್ಲಿ ಬಿಲ್ಲುಗಾರ. ಕೊನೆಯ ಆಟದಲ್ಲಿ ಬಿಲ್ಲುಗಾರ ಸೇತುವೆಯ ಮೇಲೆ ಸತ್ತುಬಿದ್ದಾಗ, ಮುಂದಿನ ವಾರ ಎಬ್ಬಿಸಿದರಾಯಿತು ಎಂದು ನಗುತ್ತಲೇ ಎದ್ದಿದ್ದರು. ಮುಂದಿನ ವಾರ ತಮ್ಮನೇ ಆಸ್ಪತ್ರೆಯಲ್ಲಿದ್ದ. ಅಲ್ಲಿಂದ ಅವನು ಮನೆಗೆ ಬರಲಿಲ್ಲ.

ಆ ಬಿಲ್ಲುಗಾರನಾದರೂ ಎದ್ದು ಓಡಾಡಲಿ ಎಂಬ ಆಸೆ ಯಜಮಾನನನ್ನು ಬಿಡದೆ ಹಿಡಿದುಕೊಂಡಿತು. ಆದರೆ ಆಟಕ್ಕೊಂದು ಕಟ್ಟಳೆಯಿತ್ತು. ಪೂಜಾರಿಣಿ ಕರೆಯಬಹುದು, ದೇವಿ ಬಿಟ್ಟುಕೊಡಬಹುದು, ಆದರೆ ಸತ್ತವನು ತಾನೇ ಬರುತ್ತೇನೆ ಎನ್ನಬೇಕು. ಅದನ್ನು ಹೇಳಬೇಕಾದವನು ಆ ಪಾತ್ರ ಆಡುವವನೇ. ಅದಕ್ಕೇ ಇವತ್ತು ತಮ್ಮನ ಹೆಂಡತಿಯನ್ನು ಕರೆಸಿ, ತಮ್ಮನ ಕುರ್ಚಿಯಲ್ಲಿ ಕೂರಿಸಿದ್ದ.

"ನಂಗೆ ಈ ಆಟದ ತಲೆಬುಡ ಗೊತ್ತಿಲ್ಲ ಭಾವ," ಎಂದಳು ಅವಳು.

"ಗೊತ್ತಿರಬೇಕಾಗಿಲ್ಲ ಕಣಮ್ಮ. ಕೇಳಿದಾಗ ಬರ್ತೀನಿ ಅಂದ್ರೆ ಸಾಕು."

ತಂಗಿ ಕಣ್ಣು ಮುಚ್ಚಿ ದೇವಿಯನ್ನು ಬೇಡಿದಳು. ದೇವಿ ಒಪ್ಪಿದಳೋ ಇಲ್ಲವೋ ನೋಡಲು ದಾಳಕ್ಕೆ ಕೈ ಚಾಚಿದರೆ ಯಜಮಾನ ತಡೆದ.

"ದಾಳ ಬೇಡ. ದೇವಿ ಒಪ್ಪಿದ್ದಾಳೆ."

"ದೇವರು ಕೊಟ್ರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ನೋಡಿದ್ರೆ ಇಬ್ಬರೂ ರೆಡಿ!" ಎಂದ ಕಂಡಕ್ಟರ್. ಯಾರೂ ನಗಲಿಲ್ಲ.

ತಮ್ಮನ ಹೆಂಡತಿ ಹೆಬ್ಬೆರಳುದ್ದದ ಬಿಲ್ಲುಗಾರನ ಬೊಂಬೆಯನ್ನು ಕೈಗೆತ್ತಿಕೊಂಡಳು. "ಎದ್ದ ಮೇಲೆ ಗಾಯ ಹೋಗಿರುತ್ತಾ?"

"ಇಲ್ಲ. ಜೀವ ಮಾತ್ರ ಬರುತ್ತೆ. ಸ್ವಲ್ಪ ದಿನ ನೋವಿರುತ್ತೆ, ಬಿಲ್ಲು ಎತ್ತೋಕಾಗಲ್ಲ."

"ಮತ್ತೆ ಸತ್ರೆ?"

"ಮತ್ತೆ ಕರೀಬಹುದು."

ಅವಳು ಬೊಂಬೆಯನ್ನೇ ನೋಡುತ್ತಿದ್ದಳು. "ಆಸ್ಪತ್ರೆಯಲ್ಲೂ ಅವರನ್ನ ಎರಡು ಸಲ ಕರೆಸಿದ್ವಲ್ಲ ಭಾವ, ಎದೆ ಒತ್ತಿಸಿ. ಎರಡು ಸಲವೂ ಬಂದ್ರು. ಪಕ್ಕೆಲುಬು ಮುರಿದಿತ್ತು, ಉಸಿರು ಎಳ್ಕೊಳ್ಳೋಕಾಗ್ತಿರಲಿಲ್ಲ. ಆದ್ರೂ 'ಇನ್ನೊಂದ್ಸಲ ನೋಡಿ ಡಾಕ್ಟ್ರೇ' ಅಂದ್ರಿ ನೀವು. ನಾನೂ ಹೂಂ ಅಂದೆ. ಅವರಿಗೆ ಬೇಕಾ ಅಂತ ನಾವಿಬ್ಬರೂ ಕೇಳಲೇ ಇಲ್ಲ."

ಅಂದು ಯಜಮಾನ ಡಾಕ್ಟರ ಕೋಟು ಹಿಡಿದು ಜಗ್ಗಿದ್ದ. ಆ ಬಟ್ಟೆಯ ಒರಟು ಈಗಲೂ ಬೆರಳಿಗೆ ಹತ್ತಿದಂತಿತ್ತು. ತಮ್ಮನ ಮೇಲಿನ ಪ್ರೀತಿ ಅದು, ಅದರಲ್ಲಿ ಸುಳ್ಳೇನಿಲ್ಲ. ಆದರೆ ನೋವೆಲ್ಲ ತಮ್ಮನ ಪಾಲಿಗೆ ಬಂದಿತ್ತು. ಈಗ ಮನಸ್ಸು ಮಾಡಿದರೆ ಕಟ್ಟಳೆಯನ್ನೇ ಬದಲಿಸಬಹುದು. ಈ ಲೋಕದ ಮಳೆ ಬಿಸಿಲೆಲ್ಲ ಅವನ ಬಾಯಲ್ಲೇ ಇದ್ದವು, ಯಾಕೆ ಎಂದು ಕೇಳುವವರಿಲ್ಲ. ದೇವಿಯ ಆಜ್ಞೆ ಎನ್ನಲು ಬಾಯಿ ತೆರೆದೂ ತೆರೆದ. ತಂಗಿ ಅವನನ್ನೇ ನೋಡುತ್ತಿದ್ದಳು.

ಅವನು ಬೊಂಬೆಯ ಕಡೆಗೆ ಬಾಗಿದ. "ಬರ್ತೀಯೇನೋ?" ಎಂದು ಕೇಳಿದ.

ತಮ್ಮನ ಹೆಂಡತಿಗೂ ಅವನು ಬರುವುದು ಬೇಕಾಗಿತ್ತು, ಬೊಂಬೆ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು.

"ಬರಲ್ಲ ಅಂತಾರೆ, ಭಾವ."

"ಆಗ್ಲಿ ಕಣೋ," ಎಂದ ಯಜಮಾನ. ದೇವಿಯ ದನಿಯಲ್ಲಿ ಹೇಳಬೇಕಾದ ಮಾತದು. ಬಂದದ್ದು ಅಣ್ಣನ ದನಿ.