ಸರ್ಕಸ್ಸಿನವಳಿಗೆ ಪಾಠ

"ಇನ್ನೂ ಸ್ವಲ್ಪ ಈ ಕಡೆ ತಿರುಗಿ ಕೂತ್ಕೊಳ್ಳಮ್ಮ," ಎಂದರು ಪ್ರಾಣಿವೈದ್ಯೆ. "ಮಗು ಬಾಯಿ ಅವಳಿಗೆ ಕಾಣಬೇಕು."

ಬಾಣಂತಿ ಪ್ಲಾಸ್ಟಿಕ್ ಸ್ಟೂಲನ್ನು ಗಾಜಿನ ಗೋಡೆಯ ಹತ್ತಿರಕ್ಕೆ ಎಳೆದುಕೊಂಡು, ನಲವತ್ತು ದಿನದ ಮಗಳನ್ನು ಎದೆಗೆ ಹಚ್ಚಿದಳು. ಗಾಜಿನ ಆಚೆ, ಒಣಹುಲ್ಲಿನ ಮೇಲೆ, ಹೆಣ್ಣು ಚಿಂಪಾಂಜಿ ಇತ್ತ ಬೆನ್ನು ಹಾಕಿ ಕೂತಿತ್ತು. ಮೃಗಾಲಯದವರೆಲ್ಲ ಅದನ್ನು ಸರ್ಕಸ್ಸಿನವಳು ಎಂದೇ ಕರೆಯುತ್ತಿದ್ದರು. ಮೂರು ದಿನದ ಹಿಂದೆ ಹೆತ್ತ ಮರಿಯನ್ನು ಸರ್ಕಸ್ಸಿನವಳು ಒಮ್ಮೆ ಮೂಸಿ ನೋಡಿ, ಮೂಲೆಯಲ್ಲಿ ಬಿಟ್ಟು ದೂರ ಸರಿದಿದ್ದಳು. ಮರಿ ಈಗ ಪಕ್ಕದ ಕೋಣೆಯಲ್ಲಿ, ಬಿಸಿನೀರಿನ ಬಾಟಲಿಗಳ ನಡುವೆ ಮಲಗಿತ್ತು. ನಾಳೆ ಮಧ್ಯಾಹ್ನದೊಳಗೆ ತಾಯಿ ಎತ್ತಿಕೊಳ್ಳದಿದ್ದರೆ ಅದನ್ನು ಬೇರೆ ಊರಿಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು.

ಬಾಣಂತಿಯ ಗಂಡ ಹನ್ನೊಂದು ವರ್ಷದಿಂದ ಸರ್ಕಸ್ಸಿನವಳ ಊಟ, ಸ್ನಾನ, ಮುನಿಸು ಎಲ್ಲ ನೋಡಿಕೊಂಡವನು. ಬೆಳಿಗ್ಗೆ ಹೆಂಡತಿಯ ಮುಂದೆ ನಿಂತು ಅಂಗಿಯ ಗುಂಡಿ ತಿರುವುತ್ತ, "ಅವಳು ಮರಿಯಾಗಿದ್ದಾಗಿಂದ ಸರ್ಕಸ್ಸಲ್ಲೇ ಬೆಳೆದಿದ್ದು. ಹಾಲು ಕೊಡೋದನ್ನ ಕಣ್ಣಾರೆ ಕಂಡೇ ಇಲ್ಲ. ನೋಡಿದ್ರೆ ಕಲೀತಾಳೆ ಅಂತಾರೆ ಡಾಕ್ಟ್ರು. ನೀನು ಒಂದ್ಸಲ ಬಂದು ತೋರ್ಸು," ಎಂದಿದ್ದ. ಕಿವಿ ಕೆಂಪಾಗಿತ್ತು. "ಅಮ್ಮಂಗೆ ಮಾತ್ರ ಹೇಳ್ಬೇಡ."

"ಊರಲ್ಲಿ ಇಷ್ಟು ಜನ ತಾಯಂದ್ರಿದ್ದಾರೆ, ನಾನೇ ಸಿಕ್ಕಿದ್ನಾ ನಿಮಗೆ?"

ಕೇಳಬಾರದವಳನ್ನು ಕೇಳುತ್ತಿದ್ದೇನೆಂದು ಅವನಿಗೂ ಗೊತ್ತಿತ್ತು. ಕುರುಡರಿಗೆ ಕುರುಡರು ದಾರಿ ತೋರಿಸುವ ಕೆಲಸ ಇದು. ಹೆತ್ತ ದಿನದಿಂದ ಅವಳಿಗೆ ಮಗಳ ಮೇಲೆ ಏನೂ ಹುಟ್ಟಿರಲಿಲ್ಲ. ಸಿಟ್ಟಾದರೂ ಹುಟ್ಟಿದ್ದರೆ ಹಿಡಿದುಕೊಳ್ಳಲು ಒಂದು ಎಳೆ ಸಿಗುತ್ತಿತ್ತು. ಅತ್ತೆ ಎದುರಿಗೇ ಹೇಳಿದ್ದರು: "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವಳಿಗೆ ಬಂಗಾರದಂಥ ಮಗಳೇ ಭಾರ."

ಹೋದ ವಾರ ಬಸ್ ನಿಲ್ದಾಣದಲ್ಲಿ ಅವಳು ಮಗುವನ್ನು ಬೆಂಚಿನ ಮೇಲೆ ಮಲಗಿಸಿ ಎದ್ದು ನಡೆದಿದ್ದಳು. ಹತ್ತು ಹೆಜ್ಜೆ. ಹಿಂದಿನಿಂದ ಯಾರೋ, "ಅಮ್ಮಾ, ಮಗು ಮರೆತ್ರಲ್ಲ!" ಎಂದು ಕೂಗಿದರು. ಮರೆತಿರಲಿಲ್ಲ. ಅಂದೇ ಸಂಜೆ ಅವಳು ಗಂಡನಿಗೆ, "ನನ್ನ ಕೈಲಿದ್ರೆ ಇದು ಉಳಿಯಲ್ಲ. ನಿಮ್ಮ ಅಕ್ಕನ್ನ ಕರೆಸಿ, ಕರ್ಕೊಂಡು ಹೋಗ್ಲಿ," ಎಂದಳು. ಮಕ್ಕಳಿಲ್ಲದ ಆ ಅಕ್ಕ ನಾಳೆ ಹತ್ತು ಗಂಟೆಯ ಬಸ್ಸಿಗೆ ಬರುವವಳಿದ್ದಳು. ಕೆಲವು ತಿಂಗಳ ಮಟ್ಟಿಗೆ ಎಂಬುದು ಬಾಯಿಮಾತು. ಹಾಗೆ ಹೋದ ಮಗು ತಿರುಗಿ ಬರುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಗು ಚೀಪತೊಡಗಿತು. ಆ ಸದ್ದು ಗಾಜು ದಾಟಿತೋ ಏನೋ, ಸರ್ಕಸ್ಸಿನವಳು ತಿರುಗಿ ನೋಡಿದಳು. ನಿಧಾನವಾಗಿ ಎದ್ದು ಬಂದು ಗಾಜಿಗೆ ಅಂಗೈ ಒತ್ತಿ, ಮಗುವಿನ ತಲೆ ನೋಡಿದಳು, ಎದೆ ನೋಡಿದಳು, ಕೊನೆಗೆ ಬಾಣಂತಿಯ ಕಣ್ಣು ನೋಡಿದಳು. ಬಾಣಂತಿ ಎಂದಿನಂತೆ ಮಗುವನ್ನು ಬಿಟ್ಟು ಎದುರಿಗೆ, ಗಾಜಿನಾಚೆಯ ಗೋಡೆ ನೋಡುತ್ತಿದ್ದಳು. ಸರ್ಕಸ್ಸಿನವಳು ಹಿಂದಕ್ಕೆ ತಿರುಗಿ ಆ ಗೋಡೆಯನ್ನು ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಮತ್ತೆ ಬಾಣಂತಿಯ ಮುಖ, ಮತ್ತೆ ಗೋಡೆ.

ಬಾಣಂತಿ ಮಗುವಿನ ಮುಖ ನೋಡುವುದೇ ಇಲ್ಲವೆಂದು ನಲವತ್ತು ದಿನದಲ್ಲಿ ಒಬ್ಬರೂ ಗಮನಿಸಿರಲಿಲ್ಲ; ಅದನ್ನು ಈ ಪ್ರಾಣಿ ಎರಡು ನಿಮಿಷದಲ್ಲಿ ಕಂಡುಹಿಡಿದಿತ್ತು.

"ನೀವು ಎಲ್ಲಿ ನೋಡ್ತೀರೋ ಅವಳೂ ಅಲ್ಲೇ ನೋಡ್ತಾಳೆ," ಎಂದರು ವೈದ್ಯೆ ಮೆಲ್ಲಗೆ. "ಮಗು ಮುಖ ನೋಡಿ."

"ಡಾಕ್ಟ್ರೇ, ನನಗೆ..." ಅವಳು ಮಗುವಿನ ಬಟ್ಟೆಯ ಅಂಚು ಸರಿಮಾಡಿದಳು. "ನನಗೆ ಒಳಗೆ ಏನೂ ಆಗಲ್ಲ. ಸುಮ್ನೆ ನಾಟಕ ಮಾಡಿದ್ರೆ ಅವಳು ಕಲೀತಾಳಾ?"

ವೈದ್ಯೆ ಬೆಚ್ಚಿಬೀಳಲಿಲ್ಲ. ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. "ಅವಳಿಗೆ ನಿಮ್ಮ ಮನಸ್ಸು ಕಾಣಲ್ಲ ಕಣಮ್ಮ, ಕೈ ಕಾಣತ್ತೆ. ಲಕ್ಷಾಂತರ ವರ್ಷದ ಹಿಂದೆ ನಾವೂ ಅವರೂ ಒಂದೇ ಮನೆಯವರು. ಆಮೇಲೆ ದಾರಿ ಬೇರೆ ಆಯ್ತು. ಹೆರೋದು ಹೊಟ್ಟೆಗೆ ಗೊತ್ತು, ಸಾಕೋದು ಮಾತ್ರ ಇಬ್ಬರೂ ನೋಡೇ ಕಲೀಬೇಕು. ನಮ್ಮ ಮನುಷ್ಯ ಜಾತಿಯಲ್ಲಂತೂ ಒಬ್ಬಳೇ ಕೂತು ಮಗು ಸಾಕಿದ್ದೇ ಇಲ್ಲ, ಅಜ್ಜಿ, ಅಕ್ಕ, ಯಾರಾದ್ರೂ ಪಕ್ಕದಲ್ಲಿರ್ತಿದ್ರು. ಯಾರೂ ಇಲ್ದಿದ್ರೆ ಅಮ್ಮನ ಮನಸ್ಸು ಹೆದರಿ ಹಿಂದೆ ಸರಿಯತ್ತೆ. ಅದು ಕೆಟ್ಟತನ ಅಲ್ಲ." ಅವಳತ್ತ ತಿರುಗಿ ಕೇಳಿದರು: "ನೀವು ಯಾರನ್ನ ನೋಡಿ ಕಲಿತ್ರಿ?"

ಅವಳಿಗೆ ತಾನು ಬೆಳೆದ ಅನಾಥಾಲಯದ ಉದ್ದನೆಯ ಕೋಣೆ ಕಂಡಿತು. ಸಾಲಾಗಿ ಕಬ್ಬಿಣದ ಮಂಚಗಳು, ಒಂದೊಂದರ ಮೇಲೂ ನಂಬರು.

"ಯಾರನ್ನೂ ಇಲ್ಲ," ಎಂದಳು.

ಅಷ್ಟರಲ್ಲಿ ಗಂಡ ಕಬ್ಬಿಣದ ಚಿಕ್ಕ ಬಾಗಿಲೆತ್ತಿ, ಸೊಂಟಕ್ಕೆ ಬಟ್ಟೆ ಸುತ್ತಿದ್ದ ಮರಿಯನ್ನು ಹುಲ್ಲಿನ ಮೇಲೆ ಇಟ್ಟ. ಪುಟ್ಟ ಕೈಚೀಲದಷ್ಟು ಚಿಕ್ಕದು. ಅದು ಕೂಗಿತು. ಸರ್ಕಸ್ಸಿನವಳು ಓಡಿಹೋಗಿ ಒಂದು ಕಾಲು ಹಿಡಿದು ಅದನ್ನು ಮೇಲೆತ್ತಿದಳು. ಮರಿಯ ತಲೆ ಕೆಳಗಾಗಿ ನೇತಾಡಿತು.

"ಅಯ್ಯೋ, ಬಿಡ್ತಾಳೆ! ಕೆಳಗೆ ಬಿಡ್ತಾಳೆ!" ಎಂದು ಗಂಡ ಬಾಗಿಲಿನತ್ತ ಬಗ್ಗಿದ.

ಬಾಣಂತಿ ಎದ್ದು ಗಾಜನ್ನು ಗುದ್ದಿದಳು. "ಹಾಗಲ್ಲ ಕಣೇ! ಇಲ್ಲಿ ನೋಡು, ಇಲ್ಲಿ!" ಮಗಳ ಕತ್ತಿನ ಕೆಳಗೆ ಅಂಗೈ ಇಟ್ಟು, ಎತ್ತಿ, ಮುಖಕ್ಕೆ ಮುಖ ತಂದಳು. ತೋರಿಸುವುದಕ್ಕೇ ನೋಡಿದಳು. ಮಗುವಿನ ಎಡ ಹುಬ್ಬಿನಲ್ಲಿ ಕೂದಲಿಲ್ಲದ ಒಂದು ಸಣ್ಣ ಜಾಗ ಇತ್ತು. ಅವಳ ಹುಬ್ಬಿನಲ್ಲೂ ಅಲ್ಲೇ ಇತ್ತು. ಇಷ್ಟು ದಿನ ಅವಳು ಅದನ್ನು ನೋಡಿರಲಿಲ್ಲ. "ಹೀಗೆ... ಹೀಗೆ ಹಿಡ್ಕೋಬೇಕು," ಎನ್ನುತ್ತಿದ್ದವಳಿಗೆ ಅಳು ಒತ್ತರಿಸಿ ಬಂತು. ಯಾರಿಗಾಗಿ ಅಳುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

ಸರ್ಕಸ್ಸಿನವಳು ಮರಿಯನ್ನು ಹುಲ್ಲಿನ ಮೇಲೆ ಬಿಟ್ಟು, ತನ್ನ ಮೂಲೆಗೆ ಹೋಗಿ ಕೂತುಬಿಟ್ಟಳು.

ಕಾಲು ಗಂಟೆ ಕಾದರು. ಮರಿಯ ಕೂಗು ಸಣ್ಣಗಾಯಿತು. ಗಂಡ ಕೊಕ್ಕೆಕೋಲಿನಿಂದ ಆ ಬಟ್ಟೆ ಹಿಡಿದೆಳೆದು ಮರಿಯನ್ನು ವಾಪಸ್ಸು ತೆಗೆದುಕೊಂಡ. "ಇವತ್ತಿಗೆ ಸಾಕು," ಎಂದರು ವೈದ್ಯೆ. "ನಾಳೆ ಬೆಳಿಗ್ಗೆ ಕೊನೇ ಸಲ ನೋಡೋಣ. ಆಗಲಿಲ್ಲ ಅಂದ್ರೆ ಇಲ್ಲ."

"ಎಷ್ಟು ಹೊತ್ತಿಗೆ ಬರ್ಲಿ?" ಎಂದಳು ಬಾಣಂತಿ.

ಗಂಡ ಅವಳ ಮುಖ ನೋಡಿದ. "ನಾಳೆ ಹತ್ತು ಗಂಟೆಗೆ ಅಕ್ಕ ಬರ್ತಾಳಲ್ಲ..."

"ಎಷ್ಟು ಹೊತ್ತಿಗೆ ಅಂತ ಡಾಕ್ಟ್ರನ್ನ ಕೇಳಿದೆ."

"ಹತ್ತಕ್ಕೇ," ಎಂದರು ವೈದ್ಯೆ.

ಅವರಿಬ್ಬರೂ ಮರಿಗೆ ಹಾಲು ಬಿಸಿಮಾಡಲು ಹೋದರು. ಅವಳು ಹೊರಡಲಿಲ್ಲ. ಮತ್ತೆ ಸ್ಟೂಲಿನ ಮೇಲೆ ಕೂತಳು. ಮಗಳು ಹೊಟ್ಟೆ ತುಂಬಿ ನಿದ್ದೆಹೋಗಿದ್ದಳು.

ಮೂಲೆಯಲ್ಲಿ ಸರ್ಕಸ್ಸಿನವಳು ಒಂದು ಹಿಡಿ ಹುಲ್ಲು ಎತ್ತಿಕೊಂಡಳು. ಒಂದು ತುದಿಯ ಕೆಳಗೆ ಅಂಗೈ ಇಟ್ಟು, ಅದನ್ನು ಎದೆಗೆ ಒತ್ತಿಕೊಂಡು, ಬಾಣಂತಿಯ ಕಣ್ಣನ್ನೇ ನೋಡುತ್ತ ಕಾದಳು. ಬಾಣಂತಿ ಮಗಳ ಮುಖಕ್ಕೆ ಕಣ್ಣು ಇಳಿಸಿದಳು. ಸರ್ಕಸ್ಸಿನವಳೂ ತಲೆ ಬಗ್ಗಿಸಿ ಹುಲ್ಲನ್ನು ನೋಡಿದಳು. ಹುಲ್ಲು ಬೆರಳ ಸಂದಿಯಿಂದ ಜಾರಿ ಬಿತ್ತು. ಅವಳು ಮತ್ತೆ ಎತ್ತಿಕೊಂಡಳು.