ಟೇಪಿಗೆ ಸಿಗದ ಕೊಬ್ಬು

"ಅಕ್ಕ, ಈ ಅಂಗಿ ಸೊಂಟದ ಹತ್ರ ಮತ್ತೆ ಸಡಿಲ ಆಗಿದೆ. ಸ್ವಲ್ಪ ಹಿಡಿದು ಕೊಡ್ತೀಯಾ?"

ವಾರಗಿತ್ತಿ ಹೀಗೆ ಕೇಳಿದಾಗ ಟೈಲರಕ್ಕನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಇಬ್ಬರಿಗೂ ಸಕ್ಕರೆ ಕಾಯಿಲೆ. ಇಬ್ಬರಿಗೂ ಮಾತ್ರೆ ಬರೆದುಕೊಟ್ಟದ್ದು ಒಬ್ಬರೇ ಡಾಕ್ಟರು. ಆದರೂ ಅವಳು ದಿನೇದಿನೇ ತೆಳ್ಳಗೆ, ತಾನು ಮಾತ್ರ ಮೊದಲಿಗಿಂತ ಒಂದು ಸುತ್ತು ದಪ್ಪ! ಊರವರ ಸೊಂಟವನ್ನೆಲ್ಲ ಟೇಪು ಹಿಡಿದು ಅಳೆಯುವವಳಿಗೆ ತನ್ನ ಸೊಂಟದ ಲೆಕ್ಕ ತಪ್ಪುತ್ತದೆಯೇ?

'ಒಳ್ಳೇ ಮಾತ್ರೆ ಅವಳಿಗೆ, ಕೆಲಸಕ್ಕೆ ಬಾರದ್ದು ನನಗೆ' ಎಂದುಕೊಂಡಳು. ಹಿತ್ತಲ ಗಿಡ ಮದ್ದಲ್ಲವಲ್ಲ!

ವಾರಗಿತ್ತಿ ಪರದೆಯ ಹಿಂದೆ ಅಂಗಿ ಬದಲಿಸುತ್ತಿದ್ದಾಗ ಟೈಲರಕ್ಕ ಅವಳ ಚೀಲಕ್ಕೆ ಕೈಹಾಕಿ ಎರಡು ಮಾತ್ರೆ ಎತ್ತಿಕೊಂಡಳು. ಅವಳು ಹೋದದ್ದೇ ತಡ, ಎರಡನ್ನೂ ಒಟ್ಟಿಗೆ ನುಂಗಿದಳು. ತನ್ನ ಮಾತ್ರೆಯನ್ನು ಮುಟ್ಟಲಿಲ್ಲ. ಬೇಗ ತೆಳ್ಳಗಾಗಲಿ ಎಂದು ಮಧ್ಯಾಹ್ನದ ಊಟವನ್ನೂ ಬಿಟ್ಟಳು.

ಸಂಜೆಯ ಹೊತ್ತಿಗೆ ಕೈ ನಡುಗತೊಡಗಿತು. ಮೈಯೆಲ್ಲ ಬೆವರು. ದಾರ ಪೋಣಿಸಲು ಹೋದರೆ ಸೂಜಿಯೇ ಎರಡಾಗಿ ಕಂಡಿತು. ಅಂಗಿಗೆಂದು ಬಂದ ವಾರಗಿತ್ತಿ ಗಾಬರಿಯಾಗಿ ಪಕ್ಕದ ಮನೆಯ ನರ್ಸಮ್ಮನನ್ನು ಕೂಗಿದಳು.

ನರ್ಸಮ್ಮ ಬೆರಳು ಚುಚ್ಚಿ ರಕ್ತ ನೋಡಿದರು. ಸಕ್ಕರೆ ಪಾತಾಳಕ್ಕಿಳಿದಿತ್ತು. "ನುಂಗೋಕೆ ಆಗುತ್ತಾ?" ಎಂದು ಕೇಳಿ ಸಕ್ಕರೆ ನೀರು ಕುಡಿಸಿದರು. ಸ್ವಲ್ಪ ಸುಧಾರಿಸಿದ ಟೈಲರಕ್ಕ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದಳು. ವಾರಗಿತ್ತಿ ಚೀಲದಿಂದ ತನ್ನ ಮಾತ್ರೆ ತೆಗೆದು ತೋರಿಸಿದಳು.

"ಅಯ್ಯೋ, ಇದು ತೆಳ್ಳಗಾಗೋ ಮಾತ್ರೆ ಅಲ್ಲ! ಸಕ್ಕರೆ ಇಳಿಸೋ ಇನ್ಸುಲಿನ್ನನ್ನ ದೇಹದೊಳಗೆ ಹೆಚ್ಚು ಸುರಿಸೋ ಮಾತ್ರೆ," ಎಂದರು ನರ್ಸಮ್ಮ. "ಖಾಲಿ ಹೊಟ್ಟೇಲಿ ಎರಡು ನುಂಗಿದ್ರೆ ಜೀವಕ್ಕೇ ಕುತ್ತು. ಅವಳು ತೆಳ್ಳಗಾಗಿದ್ದು ದಿನಾ ನಡೆದು, ಊಟ ಹಿಡಿತದಲ್ಲಿಟ್ಟು."

"ಮತ್ತೆ ನನ್ನ ಮಾತ್ರೆ ಏನು ಮಾಡುತ್ತೆ? ದಪ್ಪ ಮಾಡುತ್ತೆ, ಅಷ್ಟೇ!"

"ಲಿವರ್‌ನಲ್ಲಿ ಕೊಬ್ಬು ತುಂಬಿದ್ರೆ ದೇಹ ಇನ್ಸುಲಿನ್ ಮಾತನ್ನ ಕಿವಿಗೇ ಹಾಕ್ಕೊಳ್ಳಲ್ಲ. ನಿಮ್ಮ ಮಾತ್ರೆ ಆ ಕೊಬ್ಬನ್ನ ಕರಗಿಸಿ, ದೇಹ ಮಾತು ಕೇಳೋ ಹಾಗೆ ಮಾಡುತ್ತೆ. ತೂಕ ಸ್ವಲ್ಪ ಏರಿದ್ರೂ ಒಳಗೆ ಕೆಲಸ ನಡೀತಿರುತ್ತೆ. ನಿಮ್ಮ ಟೇಪು ಲಿವರ್‌ನ ಅಳೆಯುತ್ತಾ? ಕಾಲು ಊದಿದ್ರೆ, ಉಸಿರು ಕಟ್ಟಿದ್ರೆ ಮಾತ್ರ ತಕ್ಷಣ ಡಾಕ್ಟರಿಗೆ ಹೇಳಿ. ಮೊನ್ನೆ ಸ್ಕ್ಯಾನ್‌ನಲ್ಲಿ ಲಿವರ್ ಕೊಬ್ಬು ಇಳಿದಿದೆ ಅಂತ ಡಾಕ್ಟರು ಅಂದಿರಲಿಲ್ವಾ?"

"ಅಂದಿದ್ರು. ಕಣ್ಣಿಗೆ ಕಾಣದ್ದು ಯಾರಿಗೆ ಬೇಕು ಅಂದ್ಕೊಂಡೆ."

"ಸರಿ, ಏಳಿ. ಸಕ್ಕರೆ ಮತ್ತೆ ಇಳೀಬಹುದು, ಆಸ್ಪತ್ರೆಗೆ ಹೋಗೋಣ."

ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಕೂತದ್ದು ವಾರಗಿತ್ತಿಯೇ. ಬೆಳಗಾದಾಗ ಟೈಲರಕ್ಕ ತಡೆಯಲಾರದೆ ಅಂದಳು: "ನಿನ್ನ ನೋಡಿ ಹೊಟ್ಟೆ ಉರೀತಿತ್ತು ಕಣೇ."

"ನಂಗೂ ಉರೀತಿತ್ತಕ್ಕ! ಇಷ್ಟು ನಡೆದ್ರೂ ನನ್ನ ಲಿವರ್ ಕೊಬ್ಬು ಇನ್ನೂ ಹೋಗಿಲ್ಲ. ನಿಂದು ಇಳೀತು ಅಂತ ಕೇಳಿದ ದಿನ ನಂಗೆ ಊಟಾನೇ ಸೇರಿರ್ಲಿಲ್ಲ."

ಟೈಲರಕ್ಕನಿಗೆ ಆ ಮಾತು ಸಕ್ಕರೆ ನೀರಿಗಿಂತ ಹಿತವಾಯಿತು. ಅವತ್ತಿನಿಂದ ಅವಳು ತನ್ನ ಮಾತ್ರೆ ತಪ್ಪಿಸಿಲ್ಲ. ಸಂಜೆ ವಾರಗಿತ್ತಿಯ ಜೊತೆ ನಡೆಯಲೂ ಹೋಗುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಾತ್ರೆ ನಿಮ್ಮ ದೇಹಕ್ಕೆಂದೇ ಬರೆದದ್ದು. ಪಕ್ಕದವರದನ್ನು ನುಂಗಬೇಡಿ, ನಿಮ್ಮದನ್ನು ನೀವಾಗಿಯೇ ನಿಲ್ಲಿಸಬೇಡಿ. ಅನುಮಾನವಿದ್ದರೆ ಇವತ್ತೇ ಹೋಗಿ ಡಾಕ್ಟರನ್ನು ಕೇಳಿ. ಹೊಟ್ಟೆಕಿಚ್ಚಿಗೆ ಮಾತ್ರೆಯಿಲ್ಲ, ಸಕ್ಕರೆ ಕಾಯಿಲೆಗಿದೆ.